ಕೇಂದ್ರೀಕೃತ ಸೂರ್ಯಶಾಖದ ನೋದನ: ಬೆಂಗಳೂರು ಪೂರ್ವದ ಉಪಗ್ರಹ ತಂತ್ರಜ್ಞಾನದ ನೆಲೆಯಲ್ಲಿ ಒಂದು ಲೆಕ್ಕಾಚಾರ

1992ರ ಜುಲೈನಲ್ಲಿ ಕಕ್ಷೆಗೇರಿದ ಇನ್ಸಾಟ್-2ಎ ಉಪಗ್ರಹಕ್ಕೆ ಸೌರಫಲಕಗಳಿದ್ದದ್ದು ದಕ್ಷಿಣದ ಪಕ್ಕದಲ್ಲಿ ಮಾತ್ರ. ಹವಾಮಾನ ಉಪಕರಣದ ಶೈತ್ಯಕಕ್ಕೆ ಉತ್ತರದ ತಣ್ಣನೆಯ ಆಕಾಶ ತೆರೆದಿರಬೇಕಿತ್ತು. ಆದರೆ ಬಿಸಿಲು ಚದರ ಮೀಟರಿಗೆ ಸುಮಾರು 4.6 ಮೈಕ್ರೊನ್ಯೂಟನ್‌ನಷ್ಟು ಒತ್ತುತ್ತದೆ. ಫಲಕ ಒಂದೇ ಕಡೆಗಿದ್ದರೆ ಉಪಗ್ರಹ ತಿರುಚಿಕೊಳ್ಳುತ್ತದೆ. ಬೆಂಗಳೂರು ಪೂರ್ವದ ವಿಮಾನಪುರದಲ್ಲಿರುವ ಇಸ್ರೊ ಉಪಗ್ರಹ ಕೇಂದ್ರದವರು ಉತ್ತರಕ್ಕೆ ಉದ್ದನೆಯ ತೋಳು ಚಾಚಿ, ತುದಿಗೆ ಶಂಕುವಿನಾಕಾರದ ಹಾಯಿ ಕಟ್ಟಿದರು. ಗ್ರಹಾಂತರ ಯಾನದ ಕನಸು ಕಾಣುವವರಿಗೆ ಇದು ಸಪ್ಪೆ ಅನ್ನಿಸೀತು: ಆ ಹಾಯಿ ಎಲ್ಲಿಗೂ ಕೊಂಡೊಯ್ಯಲಿಲ್ಲ, ತಕ್ಕಡಿಯ ಕಲ್ಲಿನಂತೆ ಸಮತೋಲ ಕಾಯ್ದಿತು.

ಭಾರವಾದ ನೌಕೆಯನ್ನು ಬೇಗ ನೂಕಬೇಕಾದರೆ ಬಿಸಿಲಿನ ಒತ್ತಡ ಸಾಲದು, ಶಾಖವೇ ಬೇಕು. ಕನ್ನಡಿಯಿಂದ ಬಿಸಿಲನ್ನು ಒಂದೆಡೆ ಕೂಡಿಸಿ, ಜಲಜನಕವನ್ನು ಕಾಯಿಸಿ ನಳಿಕೆಯಿಂದ ಚಿಮ್ಮಿಸುವ ಉಪಾಯವನ್ನು ರಾಕೆಟ್ ಎಂಜಿನಿಯರ್ ಕ್ರಾಫ್ಟ್ ಎರಿಕೆ 1956ರಲ್ಲೇ ಮುಂದಿಟ್ಟಿದ್ದ. ಇಲ್ಲಿ ಏನೂ ಉರಿಯುವುದಿಲ್ಲ. ಅನಿಲ ಸೆಕೆಂಡಿಗೆ ಸುಮಾರು 8 ಕಿ.ಮೀ. ವೇಗದಲ್ಲಿ ಹೊರಬೀಳುತ್ತದೆ, ನಮ್ಮ ಉಪಗ್ರಹಗಳ 440 ನ್ಯೂಟನ್ ದ್ರವ ಎಂಜಿನ್ನಿನಲ್ಲಿ ಅದು 3 ಕಿ.ಮೀ. ಚಿಲ್ಲರೆ.

10 ಚದರ ಮೀಟರ್ ಕನ್ನಡಿಗೆ 13.6 ಕಿಲೋವ್ಯಾಟ್ ಬಿಸಿಲು ಬೀಳುತ್ತದೆ. ಅದರಲ್ಲಿ ಶೇ 60ರಷ್ಟು ಅನಿಲಕ್ಕೆ ದಕ್ಕಿತೆಂದರೆ ನೂಕುಬಲ 2 ನ್ಯೂಟನ್. ಅದೇ ಬಿಸಿಲನ್ನು ಶೇ 30 ದಕ್ಷತೆಯ ಸೌರಕೋಶಗಳಿಗೆ ಕೊಟ್ಟು, 2025ರ ಮಾರ್ಚ್‌ನಲ್ಲಿ 1,000 ಗಂಟೆಗಳ ಪರೀಕ್ಷೆ ಮುಗಿಸಿದ ಇಸ್ರೊದ ಪ್ಲಾಸ್ಮಾ ಥ್ರಸ್ಟರ್‌ನ (5.4 ಕಿಲೋವ್ಯಾಟ್‌ಗೆ 0.3 ನ್ಯೂಟನ್) ಪ್ರಮಾಣದಲ್ಲಿ ಬಳಸಿದರೆ ಸಿಗುವುದು 0.23 ನ್ಯೂಟನ್. ಕನ್ನಡಿ ಬಿಸಿಲನ್ನು ಹಿಂದಕ್ಕೆ ಎಸೆಯುವುದರಿಂದ ಒತ್ತಡ ಇಮ್ಮಡಿಯಾಗಿ, ಅದರ ಮೇಲೆ ಬೀಳುವ ಬಲ 90 ಮೈಕ್ರೊನ್ಯೂಟನ್ನಿನ ಆಸುಪಾಸು. ನೂಕುಬಲದ ಮುಂದೆ ಅದು ಲೆಕ್ಕಕ್ಕಿಲ್ಲ, ಆದರೆ ಎಂಜಿನ್ ನಿಂತಾಗ ನೌಕೆಯನ್ನು ತಿರುಚಲು ಅಷ್ಟು ಸಾಕು. ವಿಮಾನಪುರದ ಅನುಭವ ಕೆಲಸಕ್ಕೆ ಬರುವುದು ಇಲ್ಲಿ.

ತೊಡಕಿರುವುದು ಟ್ಯಾಂಕಿನಲ್ಲಿ. ಎಚ್‌ಎಎಲ್ ಎರಡನೇ ಹಂತ ಬಡಾವಣೆಯ ದ್ರವ ನೋದನ ಕೇಂದ್ರದವರು ಮೊದಲು ಕೇಳುವ ಪ್ರಶ್ನೆಯೂ ಬಹುಶಃ ಅದೇ. 2 ಟನ್ ಉಪಗ್ರಹದ ವೇಗವನ್ನು ಸೆಕೆಂಡಿಗೆ 1.5 ಕಿ.ಮೀ. ಹೆಚ್ಚಿಸಲು ಈಗಿನ ಇಂಧನ ಸುಮಾರು 775 ಕೆ.ಜಿ. ಬೇಕು, ಜಲಜನಕ 340 ಕೆ.ಜಿ. ಸಾಕು. ಆದರೆ ಆ ಜಲಜನಕಕ್ಕೆ ಏಳು ಪಟ್ಟು ದೊಡ್ಡ ಟ್ಯಾಂಕು ಬೇಕು. ಎಂಜಿನ್ನನ್ನು ಎಡೆಬಿಡದೆ ನಡೆಸಿದರೂ 16 ದಿನ ಹಿಡಿಯುತ್ತದೆ; ಅಷ್ಟೂ ದಿನ ಜಲಜನಕವನ್ನು ಮೈನಸ್ 253 ಡಿಗ್ರಿಯಲ್ಲಿ ಕುದಿಯಗೊಡದೆ ಇಡಬೇಕು.

ಅಮೋನಿಯಾ ಹಾಕಿದರೆ ಈ ಕಾಟ ತಪ್ಪುತ್ತದೆ. ಅನಿಲದ ವೇಗ ಮಾತ್ರ 4 ಕಿ.ಮೀ.ಗೆ ಇಳಿದು, ಉಳಿತಾಯ 150 ಕೆ.ಜಿ.ಗೆ ಬಂದು ನಿಲ್ಲುತ್ತದೆ. ಕನ್ನಡಿ, ಅದನ್ನು ಸೂರ್ಯನತ್ತ ತಿರುಗಿಸುವ ಯಂತ್ರ, ಶಾಖ ಹಿಡಿಯುವ ಕೋಶ ಎಲ್ಲವೂ ಅಷ್ಟು ತೂಕದೊಳಗೇ ಅಡಗಬೇಕು.