ಹಳೆಯ ಸೈಕಲ್‌ಗೆ ಬ್ರೇಕ್, ಗೇರ್ ಆರೈಕೆ

ಯಾದಗಿರಿ: ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ರಾಜ್ಯ ಸರ್ಕಾರ 2006-07ರಲ್ಲಿ ಆರಂಭಿಸಿತು. 2020ರಲ್ಲಿ ಕೋವಿಡ್ ವೇಳೆ ವಿತರಣೆ ನಿಂತಿತು. ಹಳೆಯ ಸೈಕಲ್ಲನ್ನೇ ನಂಬಿದವರಿಗೆ ಅದರ ಬ್ರೇಕೇ ರಕ್ಷೆ.

ಶಹಾಪುರ, ಸುರಪುರ ಭಾಗದ ಕಪ್ಪು ಮಣ್ಣು ಮಳೆಗಾಲದಲ್ಲಿ ರಿಮ್ಮಿಗೆ ಮೆತ್ತಿಕೊಂಡು ಬ್ರೇಕ್ ರಬ್ಬರನ್ನು ಸವೆಸುತ್ತದೆ; ತೊಳೆದು ಒಣಗಿಸಬೇಕು. ರಬ್ಬರ್ ರಿಮ್ಮಿಗಷ್ಟೇ ತಾಗಬೇಕು, ಟಯರಿಗಲ್ಲ. ಎಳೆ ಬಿಟ್ಟ ವೈರನ್ನು ಕೂಡಲೇ ಬದಲಿಸಬೇಕು. ಚೈನಿಗೆ ಎಣ್ಣೆ ಹಾಕಿ, ಹೆಚ್ಚಾದುದನ್ನು ಒರೆಸದಿದ್ದರೆ ಧೂಳು ಅಂಟುತ್ತದೆ.

ಗೇರಿಲ್ಲದ ಸೈಕಲ್‌ನಲ್ಲಿ ಪೆಡಲಿನ ಹಲ್ಲುಚಕ್ರಕ್ಕೆ 44, ಹಿಂದಿನ ಫ್ರೀವೀಲ್‌ಗೆ 18 ಹಲ್ಲುಗಳಿದ್ದರೆ, ಪೆಡಲಿನ ಒಂದು ಸುತ್ತಿಗೆ ಹಿಂದಿನ ಗಾಲಿ ಸುಮಾರು 2.4 ಸುತ್ತು ತಿರುಗುತ್ತದೆ. 22 ಹಲ್ಲಿನ ಫ್ರೀವೀಲ್ ಹಾಕಿದರೆ ಎರಡೇ ಸುತ್ತು. ವೇಗ ತಗ್ಗಿದರೂ ಬೆಟ್ಟಗಳ ನಡುವಿನ ಸುರಪುರದ ಏರು ಹಗುರಾಗುತ್ತದೆ. ಆಗ ಚೈನಿನ ಉದ್ದವನ್ನೂ ಹೊಂದಿಸಬೇಕು. ಗೇರ್ ಸೈಕಲ್‌ನಲ್ಲಿ ಚೈನು ಜಿಗಿದರೆ ಮೊದಲು ಗೇರ್ ವೈರಿನ ಬಿಗಿ ನೋಡಬೇಕು.