ಬೆಕ್ಕು ಅಡ್ಡ ಬಂದ ದಾರಿ

ಹೊರಟಾಗ ಬೆಕ್ಕು ಅಡ್ಡ ಬಂದರೆ ಹಿಂದಿರುಗಿ, ಎರಡು ಗುಟುಕು ನೀರು ಕುಡಿದು, ಜಗಲಿಯ ಮೇಲೆ ಒಂದು ಗಳಿಗೆ ಕುಳಿತು ಮತ್ತೆ ಹೊರಡುವುದು ನಮ್ಮ ಕಡೆಯ ಪದ್ಧತಿ. ಊರು ಬಿಟ್ಟು ಚೆನ್ನೈಗೆ ಬಂದ ನಮ್ಮ ಮನೆಗಳಲ್ಲಿಯೂ ಈ ನಂಬಿಕೆ ಪೂರ್ತಿ ಸವೆದಿಲ್ಲ. ಅಡ್ಡ ಬಂದ ಬೆಕ್ಕಿನ ಗತಿ ಏನಾಯಿತೆಂದು ಮಾತ್ರ ಯಾರೂ ಕೇಳಿದವರಲ್ಲ. ಕೇಳುವ ಅಗತ್ಯವೂ ಇರಲಿಲ್ಲವೆನ್ನಿ. ಎತ್ತಿನ ಗಾಡಿಯ ದಾರಿ. ಗಾಡಿ ಬರುವುದರೊಳಗೆ ಬೆಕ್ಕು ಬೇಲಿ ನುಸುಳಿ ಆಚೆಗೆ ಹೋಗಿರುತ್ತಿತ್ತು. ಶೋಳಿಂಗನಲ್ಲೂರ್‌ನಲ್ಲಿ ಬಿಡಾರ ಹೂಡಿದ ಮೇಲೆ ನಮಗೆ ಈ ಅಪಶಕುನ ಯಾರಿಗೆಂಬ ಸಂಶಯ ಹುಟ್ಟಿತು.

ಈ ಊರಿನ ನೆಲವನ್ನು ನೋಡಿದವರಿಗೆ ಕಾರಣ ತಿಳಿಯುತ್ತದೆ. ಪೂರ್ವಕ್ಕೆ ಬಕಿಂಗ್‌ಹ್ಯಾಮ್ ಕಾಲುವೆ, ವಾಯವ್ಯಕ್ಕೆ ಪಳ್ಳಿಕರಣೈ ಜವುಗು. ೧೮೦೬ರಲ್ಲಿ ಮದರಾಸಿನ ಉತ್ತರಕ್ಕೆ ತೋಡಲಾರಂಭಿಸಿದ ಕಾಲುವೆಯನ್ನು ಮುಂದೆ ದಕ್ಷಿಣಕ್ಕೂ ಒಯ್ದರು. ೧೮೭೭-೭೮ರ ಮಹಾಕ್ಷಾಮದಲ್ಲಿ ಹಸಿದವರಿಗೆ ಕೂಲಿ ಕೊಟ್ಟು ಪಟ್ಟಣದೊಳಗಿನ ಭಾಗವನ್ನು ಜೋಡಿಸಿದ ಮೇಲೆ ಅದಕ್ಕೆ ಅಂದಿನ ಗವರ್ನರರ ಹೆಸರು ಬಂತು. ಆ ಕಾಲದಲ್ಲಿ ಸರಕು ದೋಣಿಯಲ್ಲಿ ಸಾಗುತ್ತಿತ್ತು. ಈಗ ನೀರಿಗೂ ಜವುಗಿಗೂ ನಡುವೆ ಉಳಿದ ಕಿರಿದಾದ ಪಟ್ಟಿಯಲ್ಲಿ ಎಲ್ಲ ಭಾರವೂ ಹಳೆಯ ಮಹಾಬಲಿಪುರಂ ರಸ್ತೆಯ ಮೇಲೆ ಬಿದ್ದಿದೆ. ೨೦೦೮ರಲ್ಲಿ ಅದು ಆರು ಓಣಿಗಳ ರಾಜೀವ್ ಗಾಂಧಿ ಸಾಲೈ ಆಯಿತು. ೨೦೧೧ರಲ್ಲಿ ಶೋಳಿಂಗನಲ್ಲೂರ್ ಚೆನ್ನೈ ಮಹಾನಗರಪಾಲಿಕೆಗೆ ಸೇರಿತು. ಕಂಪ್ಯೂಟರ್ ಕಂಪನಿಗಳ ಬಸ್ಸು, ನೀರಿನ ಲಾರಿ, ಸಂದಿಯಲ್ಲಿ ನುಗ್ಗುವ ಸ್ಕೂಟರು, ಇವುಗಳಿಗೆ ರಾತ್ರಿ ಹಗಲೆಂಬ ಭೇದವಿಲ್ಲ.

ಈ ದಾರಿ ಮುಟ್ಟುವ ಮಹಾಬಲಿಪುರದಲ್ಲಿಯೇ ದಕ್ಷಿಣ ದೇಶದ ಅತಿ ಪ್ರಸಿದ್ಧ ಬೆಕ್ಕು ಇದೆಯೆಂಬುದು ವಿನೋದ. ಏಳನೆಯ ಶತಮಾನದಲ್ಲಿ ಪಲ್ಲವರ ಶಿಲ್ಪಿಗಳು ಬಂಡೆಯಲ್ಲಿ ಕೊರೆದ ಅರ್ಜುನನ ತಪಸ್ಸಿನ ಚಿತ್ರದಲ್ಲಿ, ಆನೆಯ ಬಳಿ, ಮುಂಗಾಲುಗಳನ್ನು ಮೇಲೆತ್ತಿ ತಪಸ್ಸಿಗೆ ನಿಂತ ಬೆಕ್ಕನ್ನು ಮಕ್ಕಳಿಗೆ ತೋರಿಸದೆ ಯಾರೂ ಹಿಂದಿರುಗುವುದಿಲ್ಲ. ಸುತ್ತ ಇಲಿಗಳು ನಂಬಿ ನಿಂತಿವೆ. ಈ ಕಪಟ ಸನ್ಯಾಸಿಯ ಕಥೆ ಮಹಾಭಾರತದ ಉದ್ಯೋಗಪರ್ವದಲ್ಲಿ, ದುರ್ಯೋಧನನು ಉಲೂಕನ ಮೂಲಕ ಪಾಂಡವರಿಗೆ ಕಳಿಸಿದ ಸಂದೇಶದಲ್ಲಿ ಬರುತ್ತದೆ. ಕಥೆಗಾರರು ಬೆಕ್ಕನ್ನು ಕಳ್ಳನೆಂದರು. ಮನೆಯ ಹೆಂಗಸರು ಹಾಲಿನ ಗಡಿಗೆಯನ್ನು ನೆಲುವಿಗೇರಿಸಿದರು. ಆದರೂ ಅದನ್ನು ಓಡಿಸಲಿಲ್ಲ. ಕಣಜದಲ್ಲಿ ಧಾನ್ಯವಿರುವ ತನಕ ಬೆಕ್ಕು ಬೇಕಿತ್ತು. ತೆನಾಲಿ ರಾಮಕೃಷ್ಣನ ಕಥೆಯಲ್ಲಿ ಕೃಷ್ಣದೇವರಾಯನು ಬೆಕ್ಕು ಸಾಕಲು ಹಸುವನ್ನೂ ಕೊಡುತ್ತಾನಲ್ಲವೇ!

ಅಂಥ ಸಾಕಣೆಯಲ್ಲಿ ಬೆಕ್ಕನ್ನು ಒಳಗಿಡುವ ಮಾತೇ ಇರಲಿಲ್ಲ. ಅಟ್ಟ, ಹೆಂಚಿನ ಮಾಡು, ಹಿತ್ತಿಲು, ಹಟ್ಟಿ, ಎಲ್ಲವೂ ಅದರ ರಾಜ್ಯ. ೧೮೯೮ರಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕು ಜನ ಮನೆಮಠ ಬಿಟ್ಟು ಬಯಲಿಗೆ ಹೋದರು. ಇಲಿಯ ಚಿಗಟದಿಂದ ರೋಗ ಹರಡುವುದೆಂದು ತಿಳಿದ ಮೇಲೆ ಬೆಕ್ಕಿನ ಬೆಲೆ ಏರಿತು. ಅಮರಾವತಿಯಲ್ಲಿದ್ದ ಬ್ಯೂಕ್ಯಾನನ್ ಎಂಬ ವೈದ್ಯಾಧಿಕಾರಿ, ಬೆಕ್ಕು ಹೆಚ್ಚಾಗಿರುವ ಹಳ್ಳಿಗಳಲ್ಲಿ ಪ್ಲೇಗು ಕಡಿಮೆಯೆಂದು ೧೯೦೮ರಲ್ಲಿ ಬರೆದು, ಮನೆಮನೆಗೂ ಬೆಕ್ಕು ಇರಲೆಂದು ವಾದಿಸಿದ. ಪಾಪ, ಬೆಕ್ಕಿಗೂ ಪ್ಲೇಗು ತಗಲುತ್ತದೆಂಬುದು ಇಂದು ಎಲ್ಲರಿಗೂ ತಿಳಿದ ವಿಷಯ. ಅಂದು ಲೆಕ್ಕಕ್ಕೆ ಬಂದದ್ದು ಮನುಷ್ಯನ ಪ್ರಾಣ ಮಾತ್ರ.

ಬೆಕ್ಕಿನ ಪ್ರಾಣವೂ ಲೆಕ್ಕಕ್ಕೆ ಬರಬೇಕೆಂದು ಹೇಳಿದವರು ನಮ್ಮ ಚೆನ್ನೈಯಲ್ಲಿಯೇ ಇದ್ದರು. ಕಲಾಕ್ಷೇತ್ರದ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಪಟ್ಟುಹಿಡಿದ ಫಲವಾಗಿ ೧೯೬೦ರಲ್ಲಿ ಪ್ರಾಣಿಹಿಂಸೆಯ ವಿರುದ್ಧ ಕಾಯಿದೆ ಬಂತು. ಸಾಕಿದ ಪ್ರಾಣಿಯನ್ನು ಕಾರಣವಿಲ್ಲದೆ, ಹಸಿವು ಬಾಯಾರಿಕೆಗೆ ಈಡಾಗುವಂತೆ ಬಿಟ್ಟು ಹೋಗುವುದು ಅದರಂತೆ ಅಪರಾಧ. ಮನೆ ಬದಲಿಸುವಾಗ ಬೆಕ್ಕನ್ನು ಹಿಂದೆ ಬಿಡುವವರು ಇದನ್ನು ಓದಿಕೊಳ್ಳಬೇಕು. ೧೯೫೯ರಲ್ಲಿ ಬ್ಲೂ ಕ್ರಾಸ್ ಸಂಸ್ಥೆಯನ್ನು ಆರಂಭಿಸಿದ ಕ್ಯಾಪ್ಟನ್ ವಿ. ಸುಂದರಂ ಅವರು ನಮಗೆ ಇನ್ನಷ್ಟು ಹತ್ತಿರದವರು. ಒಂದು ಕಾಲಕ್ಕೆ ಅವರು ಮೈಸೂರು ಮಹಾರಾಜರ ವಿಮಾನ ಚಾಲಕರು. ಅವರ ಪತ್ನಿ ಉಷಾ ಸುಂದರಂ ಬೆಂಗಳೂರಿನ ವಿಮಾನ ತರಬೇತಿ ಶಾಲೆಯಲ್ಲಿ ಕಲಿತು ತಾವೂ ವಿಮಾನ ನಡೆಸಿದವರು. ಮಳೆಯ ನೀರು ನುಗ್ಗಿದ ತ್ಯಾಗರಾಯನಗರದ ಬೀದಿಯಲ್ಲಿ ಮುಳುಗುತ್ತಿದ್ದ ನಾಯಿಮರಿಗಳನ್ನು ಸುಂದರಂ ಎತ್ತಿ ಮನೆಗೆ ತಂದದ್ದೇ ಸಂಸ್ಥೆಯ ಮೂಲ. ಆಕಾಶದಲ್ಲಿ ಹಾರಿದವರು ಬೀದಿಯನ್ನು ನೋಡಿದರು. ಬೀದಿಯಲ್ಲೇ ನಡೆಯುವ ನಾವು ಎಷ್ಟು ನೋಡುತ್ತೇವೆ?

ನಾವೇನೂ ನೋಡಿದವರಲ್ಲ. ನಮ್ಮ ಮನೆಯ ಕರಿಯ ಎಂಬ ಗಂಡು ಬೆಕ್ಕನ್ನು ಊರಿನ ರೂಢಿಯಂತೆ ರಾತ್ರಿ ಹೊರಗೆ ಬಿಡುತ್ತಿದ್ದೆವು. ಒಂದು ಬೆಳಗಿನ ಜಾವ ವಾಚ್‌ಮನ್ ಅದನ್ನು ಗೋಣಿತಾಟಿನಲ್ಲಿ ಸುತ್ತಿ ತಂದ. ನೀರಿನ ಲಾರಿಯಂತೆ. ಲಾರಿಯವನನ್ನು ಬಯ್ದು ಪ್ರಯೋಜನವಿರಲಿಲ್ಲ. ಬಾಗಿಲು ತೆರೆದವರು ನಾವೇ.

ಅನಂತರ ಕೇಳಿ ಓದಿ ತಿಳಿದದ್ದಿಷ್ಟು. ಬೆಕ್ಕು ಹೊರಗೆ ತಿರುಗುವುದು ಹೆಚ್ಚಾಗಿ ಸಂಜೆ ಮತ್ತು ಮುಂಜಾವಿನಲ್ಲಿ. ಅದರ ಕಣ್ಣಿನ ಹಿಂಬದಿಯ ಪೊರೆ ಬೆಳಕನ್ನು ಹಿಂದಕ್ಕೆ ಎಸೆಯುವುದರಿಂದ ಕತ್ತಲೆಯಲ್ಲಿ ಚೆನ್ನಾಗಿ ಕಾಣುತ್ತದೆ. ವಾಹನದ ದೀಪ ಎದುರಾದರೆ ಮಾತ್ರ ಕಣ್ಣು ಕೋರೈಸಿ ಅಲ್ಲೇ ನಿಂತುಬಿಡುತ್ತದೆ. ಆ ಹೊಳಪಿನ ಗುಟ್ಟನ್ನು ಬಳಸಿ ಇಂಗ್ಲೆಂಡಿನ ಪರ್ಸಿ ಷಾ ೧೯೩೪ರಲ್ಲಿ ರಸ್ತೆಯಲ್ಲಿ ಹುದುಗಿಸುವ ಗಾಜಿನ ಗುಬುಟುಗಳನ್ನು ಮಾಡಿದ. ಅವಕ್ಕೆ ಬೆಕ್ಕಿನ ಕಣ್ಣೆಂದೇ ಹೆಸರು. ಎಷ್ಟೋ ಚಾಲಕರ ಪ್ರಾಣ ಉಳಿಸಿದ ಉಪಾಯವದು. ಬೆಕ್ಕಿಗೆ ಅದರಿಂದ ಏನೂ ಸಿಗಲಿಲ್ಲ.

ಮನೆಯೊಳಗೇ ಇಡುವುದನ್ನು ಸುಲಭ ಮಾಡಿದ್ದು ೧೯೪೭ರಲ್ಲಿ ಅಮೆರಿಕದ ಎಡ್ವರ್ಡ್ ಲೋ ಮಾರಲಾರಂಭಿಸಿದ ಒಣ ಜೇಡಿಯ ಹರಳು. ಮಲಮೂತ್ರಕ್ಕೆಂದು ಬಾಗಿಲು ತೆಗೆಯುವ ಕಷ್ಟ ತಪ್ಪಿತು. ಈಗ ನಮ್ಮ ಮನೆಯಲ್ಲಿರುವ ಬಿಳಿ ಹೆಣ್ಣು ಬೆಕ್ಕು ಹೀಗೆ ಬೆಳೆದದ್ದೇ. ಊರಿನಿಂದ ಬಂದ ನಮ್ಮ ದೊಡ್ಡಮ್ಮ ಮೊದಲ ದಿನವೇ, "ಏನಪ್ಪ, ಬೆಕ್ಕನ್ನೂ ಜೈಲಿಗೆ ಹಾಕಿದ್ದೀರಾ?" ಎಂದರು. ಮಾತು ಸುಳ್ಳಲ್ಲ. ಬರಿದೆ ಕೂಡಿಹಾಕಿದರೆ ಅದು ಜೈಲೇ. ಆದ್ದರಿಂದ ಹತ್ತಲು ಬೀರುವಿನ ಮೇಲೆ ಜಾಗ, ಉಗುರು ಕೆರೆಯಲು ತೆಂಗಿನ ಹಗ್ಗ ಸುತ್ತಿದ ಕಂಬ, ಸಂಜೆ ಕಾಲು ಗಂಟೆ ದಾರದಾಟ, ಇಷ್ಟನ್ನು ಕೊಡಬೇಕಾಗುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಅಲೆಯುವ ಚಟ ಬಹಳ ತಗ್ಗುತ್ತದೆ. ೧೯೦೩ರಿಂದಲೂ ವೇಪೇರಿಯಲ್ಲಿರುವ ಪಶುವೈದ್ಯ ಕಾಲೇಜಿನ ಹೆಸರು ನಮ್ಮವರಲ್ಲಿ ಹಲವರಿಗೆ ಗೊತ್ತಿಲ್ಲ.

ಬಾಲ್ಕನಿಯನ್ನು ಮರೆಯಬಾರದು. ಎತ್ತರದಿಂದ ಬಿದ್ದ ೧೩೨ ಬೆಕ್ಕುಗಳ ವಿವರವನ್ನು ನ್ಯೂಯಾರ್ಕಿನ ಪಶುವೈದ್ಯರು ೧೯೮೭ರಲ್ಲಿ ಪ್ರಕಟಿಸಿದರು. ಚಿಕಿತ್ಸೆ ಪಡೆದವುಗಳಲ್ಲಿ ಹತ್ತಕ್ಕೆ ಒಂಬತ್ತು ಬದುಕಿದವು ನಿಜ, ಆದರೆ ಎದೆಗೂ ದವಡೆಗೂ ಏಟು ತಿಂದವು ಬಹಳ. ಪಾರಿವಾಳಕ್ಕೆಂದು ನಾವು ಕಟ್ಟಿಸುವ ಬಲೆಯನ್ನು ಸ್ವಲ್ಪ ಬಿಗಿಯಾಗಿ ಕಟ್ಟಿಸಿದರೆ ಸಾಕು. ಬೆಕ್ಕು ಸಾಕದವರೂ ಮಳೆಗಾಲದಲ್ಲಿ ಕಾರು ಹೊರಡಿಸುವ ಮುನ್ನ ಬಾನೆಟ್ಟನ್ನು ಎರಡು ಸಲ ತಟ್ಟಲಿ. ಬೀದಿಯ ಮರಿಗಳು ಬೆಚ್ಚಗಿನ ಎಂಜಿನ್ ಹುಡುಕಿ ಒಳಗೆ ಸೇರಿರುತ್ತವೆ.

ದೊಡ್ಡಮ್ಮ ಒಂದು ತಿಂಗಳಿದ್ದರು. ಸಂಜೆ ಬಲೆಯ ಹಿಂದೆ ಕುರ್ಚಿ ಹಾಕಿಕೊಂಡು ರಸ್ತೆಯ ಬಸ್ಸು ಎಣಿಸುತ್ತಿದ್ದರು. ಬಿಳಿ ಬೆಕ್ಕು ಅವರ ಮಡಿಲಲ್ಲಿ. ಊರಿಗೆ ಹೊರಟ ದಿನ ಅದು ಹೊಸ್ತಿಲ ಬಳಿ ಅಡ್ಡ ಬಂತು. ದೊಡ್ಡಮ್ಮ ನೀರು ಕೇಳಲಿಲ್ಲ. "ಬೇಗ ಬಾಗಿಲು ಹಾಕ್ಕೊಳ್ಳಿ, ಇದು ಆಚೆ ಬಂದೀತು" ಎಂದು ಹೇಳಿ ಲಿಫ್ಟಿನ ಕಡೆ ನಡೆದರು.