ಮಣಿಸರ ಮತ್ತು ರವಿಕೆ

ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಆ ಹೆಸರು ಯಾಕೆ ಬಂತೆಂದು ನಮ್ಮ ಕಡೆ ಶಾಲೆಯ ಮಕ್ಕಳೂ ಹೇಳುತ್ತಾರೆ. 1880ರ ದಶಕದ ಆರಂಭದಲ್ಲಿ ಸತ್ಯೇಂದ್ರನಾಥ ಟ್ಯಾಗೋರ್ ಇಲ್ಲಿ ನ್ಯಾಯಾಧೀಶರಾಗಿದ್ದರು. ತಮ್ಮ ರವೀಂದ್ರನಾಥರು ಬಂದು ಕೆಲಕಾಲ ಉಳಿದರು, ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು. ಸತ್ಯೇಂದ್ರನಾಥರ ಪತ್ನಿ ಜ್ಞಾನದಾನಂದಿನಿ ದೇವಿಯ ಹೆಸರು ಮಾತ್ರ ಇಲ್ಲಿ ಯಾರ ಬಾಯಲ್ಲೂ ಇಲ್ಲ. ನಾವು ಇವತ್ತು ಸೀರೆ ಉಡುವ ರೀತಿಯಲ್ಲಿ ಆಕೆಯ ಪಾಲು ದೊಡ್ಡದು.

ಫ್ಯಾಶನ್ ಹೌಸ್ ಎಂದರೆ ನಮಗೆ ಪ್ಯಾರಿಸ್ ನೆನಪಾಗುತ್ತದೆ. ಆದರೆ ಕಲ್ಕತ್ತೆಯ ಜೋಡಾಸಾಂಕೋದ ಟ್ಯಾಗೋರರ ಮನೆಯೂ ಅಂಥದ್ದೇ ಒಂದು ಮನೆ. 1864ರಲ್ಲಿ ಗಂಡನ ಜೊತೆ ಮುಂಬೈಗೆ ಹೊರಟ ಜ್ಞಾನದಾನಂದಿನಿಗೆ ಹೊರಗೆ ಉಡಲು ತಕ್ಕ ಬಟ್ಟೆಯೇ ಇರಲಿಲ್ಲ. ಬಂಗಾಳದ ಹೆಂಗಸರು ಒಳಮನೆಯಲ್ಲಿ ಒಂದೇ ಸೀರೆ ಸುತ್ತಿಕೊಂಡಿರುತ್ತಿದ್ದರು. ಫ್ರೆಂಚ್ ದರ್ಜಿಯಿಂದ ಹೊಲಿಸಿದ ಉಡುಪನ್ನು ಒಬ್ಬರೇ ತೊಟ್ಟುಕೊಳ್ಳಲೂ ಆಗಲಿಲ್ಲವಂತೆ. ಮುಂಬೈಯಲ್ಲಿ ಪಾರ್ಸಿ ಹೆಂಗಸರನ್ನು ನೋಡಿ ಆಕೆ ತಮ್ಮದೇ ಒಂದು ರೀತಿ ಕಂಡುಕೊಂಡರು. ಒಳಗೆ ಲಂಗ, ಮೇಲೆ ರವಿಕೆ, ಎಡ ಹೆಗಲ ಮೇಲೆ ಸೆರಗು. ಕಲಿಯಬೇಕೆನ್ನುವವರಿಗೆ ಕಲಿಸುತ್ತೇನೆಂದು ಪತ್ರಿಕೆಯಲ್ಲಿ ಜಾಹೀರಾತನ್ನೂ ಕೊಟ್ಟರು. ‘ಬ್ರಾಹ್ಮಿಕಾ ಸೀರೆ’ ಎಂದು ಅದು ಹೆಸರಾಯಿತು. ಹೆಣ್ಣು ಮನೆಯ ಹೊಸಿಲು ದಾಟಬೇಕು, ಬಟ್ಟೆ ಅದಕ್ಕೆ ಅಡ್ಡಿಯಾಗಬಾರದು ಎಂಬುದು ಅದರ ಹಿಂದಿನ ವಿಚಾರ.

ಆ ನ್ಯಾಯಾಧೀಶರ ಜಿಲ್ಲೆಯಲ್ಲೇ, ಹೊಸಿಲು ದಾಟಬೇಕೋ ಬೇಡವೋ ಎಂಬ ಪ್ರಶ್ನೆಯೇ ಇಲ್ಲದ ಹೆಂಗಸರಿದ್ದರು. ನನ್ನ ಅಜ್ಜಿಯ ಅಜ್ಜಿಯರು ಅವರು, ಅಂಕೋಲೆಯ ಹಾಲಕ್ಕಿ ಒಕ್ಕಲಿಗರು. ಬೆಳಗಾದರೆ ಗದ್ದೆ, ಬೆಟ್ಟ, ಪೇಟೆ. ಅವರ ಸೀರೆ ಮೊಣಕಾಲಿನ ಹತ್ತಿರಕ್ಕೆ ನಿಲ್ಲುತ್ತದೆ, ಕೆಸರಿಗೆ ತಾಗುವುದಿಲ್ಲ. ಸೆರಗು ಎದೆಯನ್ನು ಸುತ್ತಿ ಗಂಟಾಗುತ್ತದೆ, ಬಗ್ಗಿದರೆ ಜಾರುವುದಿಲ್ಲ. ರವಿಕೆಯಿಲ್ಲ, ಹಾಗಾಗಿ ನೆಟ್ಟಿ ಮಾಡುವಾಗ, ಹೊರೆ ಎತ್ತುವಾಗ ತೋಳು ಬಿಡುವಾಗಿರುತ್ತದೆ. ಕೊರಳಿನಿಂದ ಎದೆಯವರೆಗೆ ಸಾಲುಸಾಲು ಮಣಿಸರ. ಬಂಗಾರವಲ್ಲ, ಕಪ್ಪು, ಹಳದಿ, ಕೆಂಪು ಮಣಿಗಳು. ಇದನ್ನು ರೂಪಿಸಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಜಾಹೀರಾತಿಲ್ಲದೆ ಅಮ್ಮನಿಂದ ಮಗಳಿಗೆ ಬಂದ ವಿದ್ಯೆ ಇದು.

ಇಷ್ಟನ್ನೂ ನಾನು ಪಿಎಚ್‌ಡಿಗೆ ಸೇರಿದ ಮೇಲೆ ಯೋಚಿಸಿದ್ದು. ಏಳನೆಯ ತರಗತಿಯಲ್ಲಿದ್ದಾಗ, ಶಾಲೆಯ ಕಾರ್ಯಕ್ರಮಕ್ಕೆ ಬರುವುದಾದರೆ ರವಿಕೆ ತೊಟ್ಟು ಬಾ ಎಂದು ಅಜ್ಜಿಗೆ ಹೇಳಿದವಳು ನಾನೇ. ಗೆಳತಿಯರು ನಗುತ್ತಾರೆಂಬ ಹೆದರಿಕೆ ನನಗೆ. ಅಜ್ಜಿ ಯಾರದೋ ರವಿಕೆ ತೊಟ್ಟು, ಮಣಿಸರ ಬಿಚ್ಚಿಟ್ಟು ಬಂದಳು. ನನಗೆ ಬಹುಮಾನ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಅವಳು ಸುಮ್ಮನೆ ಕೂತಿದ್ದಳು. ಮನೆಗೆ ಬರುವಾಗ ಕೇಳಿದೆ. “ಇದ್ರಲ್ಲಿ ಕೈ ಎತ್ತೂಕೆ ಆಗೂದಿಲ್ಲ ಮಗಾ” ಅಂದಳು.

1866ರಲ್ಲಿ ಜ್ಞಾನದಾನಂದಿನಿ ಕಲ್ಕತ್ತೆಯಲ್ಲಿ ವೈಸರಾಯ್ ಬಂಗಲೆಯ ಕೂಟಕ್ಕೆ ಹೋದದ್ದು ದೊಡ್ಡ ಸುದ್ದಿಯಾಗಿತ್ತು. 2021ರ ನವೆಂಬರ್ 8ರಂದು ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು, ಒಂದು ಕಾಲಕ್ಕೆ ವೈಸರಾಯ್ ಮನೆಯಾಗಿದ್ದ ದೆಹಲಿಯ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದು ಪದ್ಮಶ್ರೀ ಪಡೆದರು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿ ಬೆಳೆಸುವಾಗ ಉಡುತ್ತಿದ್ದ ರೀತಿಯಲ್ಲೇ ಸೀರೆ ಉಟ್ಟಿದ್ದರು, ಕೊರಳಲ್ಲಿ ಅದೇ ಮಣಿಸರ. 2017ರಲ್ಲಿ ಬಡಗೇರಿಯ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ ಪದ್ಮಶ್ರೀ ಬಂದಾಗಲೂ ಪತ್ರಿಕೆಗಳಲ್ಲಿ ಕಂಡದ್ದು ಇದೇ ಉಡುಗೆ. ಒಬ್ಬರು ಆ ಬಾಗಿಲು ದಾಟುವ ಕಾಲಕ್ಕೆ ಹೊಸ ಉಡುಪನ್ನೇ ಕಟ್ಟಬೇಕಾಯಿತು. ಇನ್ನೊಬ್ಬರು ಏನನ್ನೂ ಬದಲಿಸದೆ ದಾಟಿದರು. ಇಬ್ಬರನ್ನೂ ನಾನು ಹೆಚ್ಚು ಕಡಿಮೆ ಎನ್ನಲಾರೆ. ಜ್ಞಾನದಾನಂದಿನಿಯ ರವಿಕೆಯಿಂದ ಎಷ್ಟೋ ಹೆಂಗಸರು ಹೊರಗೆ ಬಂದರು. ಅದೇ ರವಿಕೆ ಮರ್ಯಾದೆಯ ಅಳತೆಗೋಲಾದಾಗ ನನ್ನ ಅಜ್ಜಿಯ ಕೈ ಕಟ್ಟಿತು.

ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ, ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅಂಕೋಲೆಯ ಪೇಟೆಯಲ್ಲಿ ಹಾಗೆ ಸೀರೆ ಉಟ್ಟು ತರಕಾರಿ ಮಾರುವವರು ಈಗ ಹೆಚ್ಚಾಗಿ ವಯಸ್ಸಾದವರೇ. ನನ್ನ ವಾರಗೆಯವರು ಚೂಡಿದಾರದವರು, ನಾನೂ ಕೂಡ. ಮತ್ತೆ ಹಾಗೇ ಉಡಿ ಎಂದು ಯಾರಿಗೂ ಹೇಳುವ ಹಕ್ಕು ನನಗಿಲ್ಲ. ಅಜ್ಜಿಯ ಮಣಿಸರ ನನ್ನ ಟ್ರಂಕಿನಲ್ಲಿದೆ. ಕಳೆದ ಸುಗ್ಗಿಯಲ್ಲಿ ಚೂಡಿದಾರದ ಮೇಲೆ ಒಮ್ಮೆ ಹಾಕಿಕೊಂಡೆ. ಭಾರವಾಗಿತ್ತು, ಆದರೆ ಕೈ ಎತ್ತಲು ಅಡ್ಡಿಯಾಗಲಿಲ್ಲ.